ಹೊಟ್ಟೆಯಿಂದ ತೆಗೆದದ್ದನ್ನು ಎಲ್ಲಿಡಬೇಕು

ಮೊನ್ನೆ ಮುಂಡರಗಿ ಕಡೆಯ ಹಳ್ಳಿಯೊಂದಕ್ಕೆ ಹೊಸದಾಗಿ ನೇಮಕವಾದ ಪಶುವೈದ್ಯೆಯೊಬ್ಬರು ನನಗೆ ಫೋನ್ ಮಾಡಿದ್ದರು. ಮರುದಿನ ಅವರು ಮೊದಲ ಸಲ ಒಂದು ಆಕಳ ಹೊಟ್ಟೆ ಕೊಯ್ದು ಪ್ಲಾಸ್ಟಿಕ್ ತೆಗೆಯುವವರಿದ್ದರು. ಈ ಕೆಲಸದಲ್ಲಿ ಕೈ ಪಳಗಿದವರು ಯಾರಿದ್ದಾರೆ ಎಂದು ವಿಚಾರಿಸಿದಾಗ ಯಾರೋ ನನ್ನ ಹೆಸರು ಹೇಳಿದರಂತೆ. ನಿವೃತ್ತನಾಗಿ ಮನೆಯಲ್ಲಿ ಕೂತವನಿಗೆ ಅಷ್ಟು ಸಾಕು, ಹುರುಪಿನಿಂದ ಮಾತಿಗೆ ಬಿದ್ದೆ. ಎಡಪಕ್ಕೆಯಲ್ಲಿ ಎಲ್ಲಿ ಕೊಯ್ಯಬೇಕು, ಅರಿವಳಿಕೆ ಎಲ್ಲೆಲ್ಲಿ ಚುಚ್ಚಬೇಕು, ಒಳಹೊಲಿಗೆ ಹೇಗೆ, ಹೊರಹೊಲಿಗೆ ಹೇಗೆ, ಎಲ್ಲ ಹೇಳಿದೆ. ಇನ್ನೇನು ಫೋನ್ ಇಡಬೇಕು, ಆಗ ಅವರು ಕೇಳಿದರು:

"ಸರ್, ತಗದದ್ದನ್ನ ಏನ್ ಮಾಡ್ತಿದ್ರಿ? ಎಲ್ಲೆ ಹಾಕಬೇಕ್ರಿ ಅದನ್ನ?"

"ಆಮ್ಯಾಲೆ ಹೇಳ್ತೀನವ್ವಾ" ಎಂದು ಫೋನ್ ಇಟ್ಟೆ. ಉತ್ತರ ಇರಲಿಲ್ಲವೆಂದಲ್ಲ. ಇರುವ ಒಂದೇ ಉತ್ತರವನ್ನು ಫೋನಿನಲ್ಲಿ ಹೇಳುವಂತಿರಲಿಲ್ಲ. ಅದಕ್ಕೆ ಬೆಟಗೇರಿಯ ನೀಲವ್ವ ಮತ್ತು ಅವಳ ಆಕಳು ಗೌರಿಯ ಸುದ್ದಿಯನ್ನು ಪೂರ್ತಿ ಹೇಳಬೇಕಾಗುತ್ತದೆ. ಅದಕ್ಕೂ ಮುಂಚೆ ನಮ್ಮ ಕೆಲಸ ಹೇಗಿತ್ತು, ಹೇಗಾಯಿತು ಎಂಬುದನ್ನು ಒಂದಿಷ್ಟು ಹೇಳಬೇಕು. ಹೊಸದಾಗಿ ಈ ನೌಕರಿಗೆ ಬರುವವರು ಓದಲಿ ಎಂದು ಬರೆಯುತ್ತಿದ್ದೇನೆ. ನನಗೆ ಬಡ್ತಿ ಯಾವಾಗ ಬಂತು, ಯಾರು ಶಾಲು ಹೊದಿಸಿದರು ಎಂಬುದರಿಂದ ನಿಮಗೂ ಉಪಯೋಗವಿಲ್ಲ, ನಿಮ್ಮ ದನಗಳಿಗೂ ಇಲ್ಲ. ಅದನ್ನು ಬಿಟ್ಟುಬಿಡುತ್ತೇನೆ.

ನಾನು ನೌಕರಿ ಶುರು ಮಾಡಿದ್ದು ಡೋಣಿಯ ಸುತ್ತಮುತ್ತ. ಕಪ್ಪತಗುಡ್ಡದ ಅಡಿಯಲ್ಲಿ ಮೇಯುವ ದನಗಳು, ಹುಲ್ಲು, ಜೋಳದ ಕಣಿಕೆ, ಹೊಟ್ಟು. ಆಗಲೂ ದನದ ಹೊಟ್ಟೆಯಲ್ಲಿ ಬರಬಾರದ್ದು ಬರುತ್ತಿತ್ತು. ಆದರೆ ಅದು ಮೊಳೆ, ಬೇಲಿಯ ತಂತಿ, ಮುರಿದ ಬಳೆ, ಇಂಥದ್ದು. ಒಮ್ಮೆ ಒಂದು ಎತ್ತು ನಾಲ್ಕು ಹೆಜ್ಜೆ ಇಟ್ಟರೆ ನಿಂತು ನರಳುತ್ತಿತ್ತು. ಕೊಯ್ದು ಕೈ ಹಾಕಿದರೆ ಬೆರಳಿಗೆ ಸಿಕ್ಕಿದ್ದು ಕೌದಿ ಹೊಲಿಯುವ ದಬ್ಬಣ. ಎತ್ತಿನ ಮಾಲಕನ ತಾಯಿ ಅದನ್ನು ನೋಡಿ, "ಅಯ್ಯ, ಇಲ್ಲೈತೇನ ಇದು! ಪಂಚಮಿಯಿಂದ ಹುಡಕಾಕತ್ತೀನಿ" ಎಂದು ನನ್ನ ಕೈಯಿಂದ ಇಸಿದುಕೊಂಡು, ಬೂದಿಯಲ್ಲಿ ತಿಕ್ಕಿ ತೊಳೆದು, ಅರ್ಧಕ್ಕೆ ನಿಂತಿದ್ದ ಕೌದಿಗೆ ಚುಚ್ಚಿಟ್ಟಳು. ಎತ್ತು ಬದುಕಿತು. ಕೌದಿಯೂ ಮುಗಿದಿರಬೇಕು. ಆ ಕಾಲದಲ್ಲಿ ಹೊಟ್ಟೆಯಿಂದ ಬಂದ ವಸ್ತುವಿಗೆ ವಾಪಸು ಹೋಗಲು ಒಂದು ಮನೆ ಇತ್ತು. ಅದು ಎಷ್ಟು ದೊಡ್ಡ ಅನುಕೂಲ ಎಂದು ನನಗೆ ಆಗ ತಿಳಿಯಲಿಲ್ಲ.

ಆಮೇಲೆ ಊರಿಂದೂರು ಸುತ್ತಿ ಗದಗಿಗೆ ಬಂದೆ. ಇಲ್ಲಿ ಓಣಿಯ ದನಗಳು. ಬೆಳಿಗ್ಗೆ ಹಾಲು ಹಿಂಡಿಕೊಂಡು ಕಣ್ಣಿ ಬಿಚ್ಚಿಬಿಟ್ಟರೆ ಮಾರ್ಕೆಟ್ಟು, ಬಸ್ ಸ್ಟ್ಯಾಂಡು ಸುತ್ತಿ ಸಂಜೆಗೆ ತಾವೇ ಮನೆಗೆ ಬರುತ್ತವೆ. ಅಂಥ ಒಂದು ಆಕಳನ್ನು ಮೊದಲ ಸಲ ಕೊಯ್ದ ದಿನ ನನ್ನ ಜೊತೆಗಿದ್ದದ್ದು ಫಕ್ಕೀರಪ್ಪ. ಶಿರಹಟ್ಟಿಯವನು, ದವಾಖಾನೆಯ ಡಿ ಗ್ರೂಪ್ ನೌಕರ, ನನ್ನ ನಿವೃತ್ತಿಯವರೆಗೂ ನನ್ನ ಸಿಟ್ಟನ್ನು ಸಹಿಸಿದ ಪುಣ್ಯಾತ್ಮ. ನಾನು ಎಳೆಯುತ್ತಲೇ ಇದ್ದೆ, ಅದು ಬರುತ್ತಲೇ ಇತ್ತು. ಒಂದು ಕವರಿನ ಕಿವಿಗೆ ಇನ್ನೊಂದರ ಬಾಲ ಸುತ್ತಿಕೊಂಡು, ಮೇವಿನ ನಾರು ಸೇರಿ, ಹಗ್ಗದಂತೆ ಹೊಸೆದುಕೊಂಡಿತ್ತು. ಬಕೆಟ್ಟು ತುಂಬಿತು, ಇನ್ನೊಂದು ತಂದ, ಅದೂ ತುಂಬಿತು. ಗುಟ್ಕಾ ಚೀಟು, ಶ್ಯಾಂಪೂ ಪುಡಿಕೆ, ಸೀರೆ ಅಂಗಡಿಯ ಚೀಲ, ಹಾಲಿನ ಪಾಕೀಟು.

"ಸರ, ಇದು ಆಕಳೋ ಕಿರಾಣಿ ಅಂಗಡಿಯೋ?" ಎಂದ ಫಕ್ಕೀರಪ್ಪ. ಇಬ್ಬರೂ ನಕ್ಕೆವು. ಆಗಿನ್ನೂ ನಗು ಬರುತ್ತಿತ್ತು.

ಹೊಸಬರಿಗೆ ಒಂದು ಮಾತು. ಈ ಬ್ಯಾನೆ ಮೋಸದ್ದು. ಹೊಟ್ಟೆ ಗುಡಾಣದಂತೆ ಉಬ್ಬಿರುತ್ತದೆ, ಮಾಲಕರು ಚೆನ್ನಾಗಿ ಮೇದಿದೆ ಎಂದುಕೊಳ್ಳುತ್ತಾರೆ. ಬೆನ್ನಿನ ಎಲುಬು ನೋಡಿ. ಎಡಪಕ್ಕೆಯ ಗುಳಿಯನ್ನು ಮುಷ್ಟಿಯಿಂದ ಒತ್ತಿ ನೋಡಿ, ನಾದಿದ ಹಿಟ್ಟಿನಂತೆ ಗುರುತು ಉಳಿದರೆ, ಮೆಲುಕು ನಿಂತಿದ್ದರೆ, ಅನುಮಾನ ಪಡಿ. ಪ್ಲಾಸ್ಟಿಕ್ ಅರಗುವುದಿಲ್ಲ, ಮುಂದೆ ಹೋಗುವುದಿಲ್ಲ, ಹೊರಗೂ ಬರುವುದಿಲ್ಲ. ಮೇವಿನ ಜಾಗದಲ್ಲಿ ಅದು ಕೂತುಬಿಡುತ್ತದೆ. ಹೊಟ್ಟೆ ತುಂಬಿರುವಾಗಲೇ ಪ್ರಾಣಿ ಹಸಿವಿನಿಂದ ಸಾಯುತ್ತದೆ. ನಾನು ನೋಡಿದ ಸಾವುಗಳಲ್ಲಿ ಇದರಷ್ಟು ಕೆಟ್ಟದ್ದು ಕಡಿಮೆ.

ಆಗ ನಮ್ಮ ಮೇಲಧಿಕಾರಿಯಾಗಿದ್ದ ಸಾಹೇಬರಿಗೆ ಈ ಶಸ್ತ್ರಚಿಕಿತ್ಸೆ ಎಂದರೆ ಆಗುತ್ತಿರಲಿಲ್ಲ. ಕೆಟ್ಟ ಮನುಷ್ಯರಲ್ಲ, ಲೆಕ್ಕದ ಮನುಷ್ಯರು. "ಒಂದು ಆಕಳಕ್ಕ ಅರ್ಧಾ ದಿನಾ ಕೊಟ್ಟ್ರ ನನ್ನ ಲಸಿಕಿ ಟಾರ್ಗೆಟ್ ಯಾರ್ ಮುಟ್ಟಸ್ತಾರ? ಎರಡು ಗುಳಿಗಿ ಕೊಟ್ಟು ಕಳಸ್ರಿ" ಎನ್ನುತ್ತಿದ್ದರು. ಮುಂದೆ ಸರಕಾರವೇ ಪ್ಲಾಸ್ಟಿಕ್ ಚೀಲ ಬೇಡವೆಂದಾಗ ಅದೇ ಸಾಹೇಬರಿಗೆ ಎಲ್ಲಿಲ್ಲದ ಉತ್ಸಾಹ ಬಂತು. ಲಕ್ಷ್ಮೇಶ್ವರದಲ್ಲಿ ದೊಡ್ಡ ಜಾಗೃತಿ ಕಾರ್ಯಕ್ರಮ ಇಟ್ಟುಕೊಂಡರು. ವೇದಿಕೆಯ ಹಿಂದೆ ಪ್ಲಾಸ್ಟಿಕ್ಕಿನದೇ ಬ್ಯಾನರು, ಟೇಬಲ್ ಮೇಲೆ ಸಾಲಾಗಿ ನೀರಿನ ಬಾಟಲಿ. ಅದು ಹೋಗಲಿ. ಬಂದವರಿಗೆಲ್ಲ ಬಟ್ಟೆ ಚೀಲ ಹಂಚಿದರು, ಹಸಿರು ಬಣ್ಣದ್ದು. ಮೇಲೆ 'ಪ್ಲಾಸ್ಟಿಕ್ ಬೇಡ, ಪ್ರಾಣಿ ಉಳಿಸಿ' ಎಂಬ ಬರಹ, ಕೆಳಗೆ ಸಾಹೇಬರ ಹೆಸರು ಮತ್ತು ಹುದ್ದೆ. ಮುಟ್ಟಿದರೆ ಬಟ್ಟೆಯಂತೆಯೇ ಇತ್ತು. ನಾನೂ ಎರಡು ಮನೆಗೆ ಒಯ್ದೆ, ಹೆಂಡತಿ ಕಾಯಿಪಲ್ಯಕ್ಕೆ ಇಟ್ಟುಕೊಂಡಳು.

ಮುಂದೊಂದು ದಿನ ಲಕ್ಷ್ಮೇಶ್ವರದಿಂದಲೇ ಬಂದ ಆಕಳೊಂದರ ಹೊಟ್ಟೆಯಲ್ಲಿ ಹಸಿರು ಮುದ್ದೆಯೊಂದು ಕೈಗೆ ಸಿಕ್ಕಿತು. ಬಿಡಿಸಿ ನೀರು ಸುರಿದರೆ ಅದೇ ಚೀಲ. ಬಟ್ಟೆಯಾಗಿದ್ದರೆ ಅಷ್ಟು ದಿನಕ್ಕೆ ಕೊಳೆತು ಚೂರಾಗಬೇಕಿತ್ತು, ಒಂದು ಎಳೆಯೂ ಸಡಿಲಾಗಿರಲಿಲ್ಲ. ಅದು ಬಟ್ಟೆಯ ವೇಷ ಹಾಕಿದ ಪ್ಲಾಸ್ಟಿಕ್ಕು. ಬರಹ ಸ್ಪಷ್ಟವಾಗಿತ್ತು. ಸಾಹೇಬರ ಹೆಸರೂ ಅಳಿಸಿರಲಿಲ್ಲ. ನಾನು ಅದನ್ನು ಒಣಗಿಸಿ ಒಯ್ದು ಅವರ ಟೇಬಲ್ ಮೇಲಿಟ್ಟೆ. ಅವರು ಬಹಳ ಹೊತ್ತು ನೋಡಿ, "ಯಾರ ಮುಂದೂ ಹೇಳಬ್ಯಾಡ್ರಿ" ಎಂದರು. ಆಮೇಲೆ ಸಣ್ಣ ದನಿಯಲ್ಲಿ, "ಆ ಆಕಳ ಉಳೀತೇನ್ರಿ?" ಎಂದು ಕೇಳಿದರು. ಉಳಿದಿರಲಿಲ್ಲ. ಅದನ್ನೂ ಹೇಳಿದೆ. ಆ ಮೇಲೆ ಅವರು ನನ್ನ ಶಸ್ತ್ರಚಿಕಿತ್ಸೆಗೆ ಅಡ್ಡ ಬರಲಿಲ್ಲ.

ನಮ್ಮನ್ನೂ ನಾವು ನೋಡಿಕೊಳ್ಳಬೇಕಲ್ಲ. ದವಾಖಾನೆಗೆ ಚಹಾ ಬರುತ್ತಿದ್ದದ್ದು ತೆಳು ಕವರಿನಲ್ಲಿ, ಕುದಿಯುತ್ತಿದ್ದಾಗಲೇ ಸುರಿದು ಗಂಟು ಹಾಕಿದ್ದು. ಬಿಸಿ ಮಿರ್ಚಿ ಭಜಿಯೂ ಅಂಥದ್ದರಲ್ಲೇ. ಆಕಳ ಹೊಟ್ಟೆಯಿಂದ ಕವರು ತೆಗೆದು, ಕೈ ತೊಳೆದು, ಇನ್ನೊಂದು ಕವರಿನ ಮೂಲೆ ಕಚ್ಚಿ ಚಹಾ ಬಸಿದುಕೊಳ್ಳುತ್ತಿದ್ದೆವು. ಬಿಸಿಗೆ ಆ ಕವರು ಏನೇನು ಬಿಡುತ್ತದೆ, ಅದು ಮನುಷ್ಯನ ಹೊಟ್ಟೆಯಲ್ಲಿ ಏನು ಮಾಡುತ್ತದೆ ಎಂಬುದು ನನ್ನ ಶಾಸ್ತ್ರವಲ್ಲ. ಆದರೆ ಚಹಾಕ್ಕೆ ಒಂದು ಬೇರೆ ವಾಸನೆ ಬರುತ್ತಿದ್ದದ್ದು ನನ್ನ ಮೂಗಿಗೇ ಗೊತ್ತಾಗುತ್ತಿತ್ತು. ಒಂದು ಸ್ಟೀಲಿನ ಕಿಟ್ಲಿ ತಂದಿಟ್ಟು, ಇನ್ನು ಮೇಲೆ ಇದರಲ್ಲೇ ತರಬೇಕು ಎಂದು ಫಕ್ಕೀರಪ್ಪನಿಗೆ ಹೇಳಿದೆ. "ತರೂದು ನಾನು, ತೊಳಿಯೂದೂ ನಾನು, ಪರಿಸರ ಉಳಸೂದು ನೀವು" ಎಂದು ಗೊಣಗಿದ. ಗೊಣಗಿದರೂ ಕಿಟ್ಲಿ ಬಿಡಲಿಲ್ಲ.

ಇನ್ನು, ತೆಗೆದದ್ದನ್ನು ಎಲ್ಲಿ ಹಾಕುತ್ತಿದ್ದೆವು? ಮೊದಮೊದಲು ದವಾಖಾನೆಯ ಹಿಂದೆ ಸುಡುತ್ತಿದ್ದೆವು. ಒಂದು ದಿನ ಹಿಂದಿನ ಓಣಿಯ ಅಜ್ಜಿಯೊಬ್ಬಳು ಸೆರಗಿನಿಂದ ಮೂಗು ಮುಚ್ಚಿಕೊಂಡು, ಮೊಮ್ಮಗಳ ಭುಜ ಹಿಡಿದು ಬಂದಳು. ಕೆಮ್ಮಿ ಕೆಮ್ಮಿ ಅವಳ ಕಣ್ಣು ಕೆಂಪಾಗಿದ್ದವು. "ಡಾಕ್ಟರ, ದನಾ ಉಳಸಾಕ ಹೋಗಿ ಮಂದೀನ ಸಾಯಸ್ತೀರೇನು? ಉಸರು ತಗೊಳ್ಳಾಕ ಆಗವಲ್ದು ನನಗ" ಎಂದಳು. ಅಂದಿನಿಂದ ಸುಡುವುದು ನಿಂತಿತು. ತಗ್ಗು ತೆಗೆದು ಹುಗಿದೆವು, ನಾಯಿಗಳು ಕೆದರಿ ಎಳೆದು ತಂದವು. ಕೊನೆಗೆ ಕಸದ ಟ್ರ್ಯಾಕ್ಟರಿಗೆ ಕೊಡತೊಡಗಿದೆವು. ಅದು ಊರ ಹೊರಗಿನ ಕಸದ ರಾಶಿಗೆ ಹೋಗುತ್ತಿತ್ತು. ಒಮ್ಮೆ ಬೇರೆ ಕೆಲಸಕ್ಕೆ ಆ ಕಡೆ ಹೋದಾಗ ನೋಡಿದೆ, ರಾಶಿಯ ಮೇಲೆ ದನಗಳು ಮೇಯುತ್ತಿದ್ದವು. ಅದರಲ್ಲಿ ಒಂದು ಬಿಳಿ ಆಕಳ ಎಡಪಕ್ಕೆಯಲ್ಲಿ ಉದ್ದನೆಯ ಕಲೆ. ನನ್ನ ಹೊಲಿಗೆ ನನಗೆ ಗೊತ್ತು. ನಾನು ಉಳಿಸಿ ಕಳಿಸಿದ ಆಕಳು ನಾನು ತೆಗೆದು ಕಳಿಸಿದ ರಾಶಿಯನ್ನೇ ತಿನ್ನುತ್ತಿತ್ತು. ಕಲ್ಲೆಸೆದು ಓಡಿಸಿದೆ. ನಾಲ್ಕು ಮಾರು ಹೋಗಿ ತಿರುಗಿ ನೋಡಿ, ಮತ್ತೆ ಬಾಯಿ ಹಾಕಿತು.

ಈಗ ನೀಲವ್ವನ ವಿಷಯ.

ನೀಲವ್ವನದು ಬೆಟಗೇರಿಯ ನೇಕಾರರ ಮನೆ. ಗಂಡ ವಿರೂಪಾಕ್ಷಪ್ಪ ಕುಣಿಮಗ್ಗದಲ್ಲಿ ಸೀರೆ ನೇಯುತ್ತಿದ್ದ. ಕುಣಿಮಗ್ಗವೆಂದರೆ ಮನೆಯ ನೆಲದಲ್ಲೇ ಒಂದು ಕುಣಿ ಇರುತ್ತದೆ, ನೇಕಾರ ಅದರೊಳಗೆ ಕಾಲು ಇಳಿಬಿಟ್ಟು ಕೂತು ಕಾಲುಮಣೆ ತುಳಿಯುತ್ತಾನೆ. ತುಳಿದು ತುಳಿದು ವಿರೂಪಾಕ್ಷಪ್ಪನ ಮೊಣಕಾಲು ಹೋದವು. ಮಗ್ಗ ನಿಂತಿತು. ಗಂಡನ ಔಷಧಕ್ಕೂ ಮನೆಯ ಗಂಜಿಗೂ ಉಳಿದದ್ದು ಗೌರಿ ಎಂಬ ಒಂದೇ ಆಕಳು. ಕಂದು ಬಣ್ಣ, ಹಣೆಯ ಮೇಲೆ ಬಿಳಿ ಬೊಟ್ಟು, ಸಾಧು ಸ್ವಭಾವ. ಸೂಜಿ ಚುಚ್ಚಿದರೂ ಒದೆಯದೆ ನೀಲವ್ವನ ಕಡೆ ಕತ್ತು ತಿರುಗಿಸಿ ದೂರು ಹೇಳುವಂತೆ ನೋಡುತ್ತಿತ್ತು. ಬಿಂಕದಕಟ್ಟಿ ಕಡೆಯಿಂದ ನೀಲವ್ವ ಆಗೀಗ ಹಸಿಮೇವು ತರಿಸುತ್ತಿದ್ದಳು, ದಿನಾ ಸಾಧ್ಯವಿರಲಿಲ್ಲ.

ಮೊದಲು ಓಣಿಯ ಜನ ಬೆಳಿಗ್ಗೆ ತಂಬಿಗೆ ಹಿಡಿದು ಅವಳ ಬಾಗಿಲಿಗೇ ಬರುತ್ತಿದ್ದರು. ನೀಲವ್ವ ಅಳೆದು ಹಾಕಿ ಮೇಲೊಂದಿಷ್ಟು ಕೊಸರು ಹಾಕುತ್ತಿದ್ದಳು. ಕೊರೊನಾ ಬಂದಾಗ ಒಬ್ಬರ ಪಾತ್ರೆಯನ್ನು ಇನ್ನೊಬ್ಬರು ಮುಟ್ಟದಂತಾಯಿತು. ಕವರಿನಲ್ಲಿ ಕಟ್ಟಿ ಮನೆ ಮನೆಗೆ ಕೊಟ್ಟು ಬಾ ಎಂದರು. ಅವಳೂ ಕಲಿತಳು. ಕೊರೊನಾ ಹೋಯಿತು, ಕವರು ಉಳಿಯಿತು. ಕೊಸರು ಹೋಯಿತು, ಏಕೆಂದರೆ ಗಂಟು ಹಾಕಿದ ಕವರಿಗೆ ಮೇಲೆ ಸುರಿಯಲಾಗುವುದಿಲ್ಲ.

ಕಟ್ಟುವುದಕ್ಕೆ ಅವಳು ಅಂಗಡಿಯ ರಬ್ಬರು ತರಲಿಲ್ಲ. ನಿಂತ ಮಗ್ಗದ ಪಕ್ಕ ಉಳಿದ ಪಾಲಿಸ್ಟರ್ ನೂಲಿನ ಲಡಿಗಳಿದ್ದವು. ಮೊದಲು ಹಸಿರು, ಅದು ಮುಗಿದ ಮೇಲೆ ಕೆಂಪು. ಹಾಸಿನಲ್ಲಿ, ಅಂದರೆ ಮಗ್ಗದ ಉದ್ದಕ್ಕೆ ಬಿಗಿದ ನೂಲಿನಲ್ಲಿ, ಎಳೆ ಹರಿದಾಗ ನೇಕಾರರು ಹಾಕುವ ಒಂದು ಗಂಟಿದೆ, ಜೋಳದ ಕಾಳಿಗಿಂತ ಸಣ್ಣದು, ಎಳೆದಷ್ಟೂ ಬಿಗಿಯುತ್ತದೆ. ಸೀರೆ ಹರಿದರೂ ಆ ಗಂಟು ಬಿಚ್ಚುವುದಿಲ್ಲ. ಕೈಗೆ ಗೊತ್ತಿದ್ದ ಆ ಗಂಟನ್ನೇ ನೀಲವ್ವ ಹಾಲಿನ ಕವರಿಗೂ ಹಾಕುತ್ತಿದ್ದಳು. ಒಂದು ಹನಿ ಸೋರುತ್ತಿರಲಿಲ್ಲ. ಗಿರಾಕಿಗಳಿಗೆ ಬಿಚ್ಚಲು ಬರುತ್ತಿರಲಿಲ್ಲ, ಮೂಲೆ ಕತ್ತರಿಸಿ ಹಾಲು ಬಸಿದುಕೊಳ್ಳುತ್ತಿದ್ದರು. ಖಾಲಿ ಕವರನ್ನು ಉಳಿದ ಅನ್ನ, ರೊಟ್ಟಿ ಚೂರು, ಬಾಳೆಹಣ್ಣಿನ ಸಿಪ್ಪೆಯ ಜೊತೆ ದೊಡ್ಡ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಆಕಳಿಗೆಂದು ಬಾಗಿಲ ಮುಂದೆ ಇಡುತ್ತಿದ್ದರು. ಆಕಳಿಗೆ ತುತ್ತು ಕೊಟ್ಟರೆ ಪುಣ್ಯ ಎಂಬುದು ನಮ್ಮ ಕಡೆ ಎಲ್ಲರ ನಂಬಿಕೆ. ಆಕಳಿಗೆ ಗಂಟು ಬಿಚ್ಚಲು ಕೈಯಿಲ್ಲ ಎಂಬುದನ್ನು ಮಾತ್ರ ಯಾರೂ ಯೋಚಿಸಲಿಲ್ಲ. ಹಾಲು ಹಿಂಡಿದ ಮೇಲೆ ಗೌರಿ ಅದೇ ಓಣಿಯಲ್ಲಿ, ಅದೇ ಮನೆಗಳ ಮುಂದೆ ಒಂದೊಂದಾಗಿ ನಿಲ್ಲುತ್ತಾ ಹೋಗುತ್ತಿತ್ತು.

ಇದು ನನ್ನ ಕಣ್ಣಿಗೆ ಬಿದ್ದದ್ದು ಒಮ್ಮೆ ಲಸಿಕೆಗೆ ಹೋದಾಗ. "ನೀಲವ್ವಾ, ಪ್ಲಾಸ್ಟಿಕ್ ಹಾಳ್ಯಾಗ ಹಾಲು ಕೊಡೂದು ಬಿಡು. ತಂಬಿಗಿ ತರಾಕ ಹೇಳು" ಎಂದೆ. ಅವಳು ಅವತ್ತೇ ಮನೆ ಮನೆಗೆ ಹೋಗಿ ಹೇಳಿಬಂದಳು. ಮರುದಿನದಿಂದ ಕೆಲವರು ತಂಬಿಗೆ ತಂದರು. ಕೆಲವರು, "ನಮಗ ಜಲ್ದಿ ಕೆಲಸಕ್ಕ ಹೋಗೂದಿರ್ತೈತಿ ಅಕ್ಕಾರ, ಅಂಗಡಿ ಪಾಕೀಟನ ಆಗತೈತಿ ಬಿಡ್ರಿ" ಎಂದರು. ಹಾಲು ಉಳಿಯತೊಡಗಿತು. ಉಳಿದ ಹಾಲು ಹೆಪ್ಪು ಹಾಕಿದಳು, ಮಜ್ಜಿಗೆ ಮಾಡಿದಳು, ಓಣಿಯಲ್ಲಿ ಹಂಚಿದಳು. ವಿರೂಪಾಕ್ಷಪ್ಪನ ಗುಳಿಗೆ ಮುಗಿದವು. ನಾನು ಮುಂದಿನ ಸಲ ಹೋದಾಗ ಮತ್ತೆ ಕವರು ಕಟ್ಟುತ್ತಾ ಕೂತಿದ್ದಳು. ನನಗೆ ಸಿಟ್ಟು ನೆತ್ತಿಗೇರಿತು, ಬಾಗಿಲಲ್ಲಿ ನಿಂತೇ ಕೂಗಾಡಿದೆ.

ಅವಳು ತಲೆ ಎತ್ತದೆ ಹೇಳಿದಳು, "ಕುಂಡ್ರಿ ಡಾಕ್ಟರ್ರ. ನೀವು ಹೇಳೂದು ಖರೆ ಐತಿ. ಆದ್ರ ನೀವು ಪಗಾರ ತಗೊಂಡು ಹೇಳ್ತೀರಿ, ನಾ ಹಾಲು ಮಾರಿ ಕೇಳಬೇಕು."

"ಹಂಗಾರ ಅದನ್ನ ಕಟ್ಟಿಹಾಕಿ ಮೇಯಸು."

"ಕಟ್ಟಿಹಾಕಿ ಏನ್ ಹಾಕ್ಲಿ? ಮಗ್ಗದ ಕಟ್ಟಿಗಿ ಹಾಕ್ಲೇನು?"

ಒಳಗಿನಿಂದ ವಿರೂಪಾಕ್ಷಪ್ಪ, "ಲೇ ಇಕಿನ, ಡಾಕ್ಟರ್ರಿಗೆ ಹಂಗ ಮಾತಾಡಬಾರ್ದು" ಎಂದ. ಅವಳು ಎದ್ದು ನನಗೊಂದು ಲೋಟ ಮಜ್ಜಿಗೆ ತಂದುಕೊಟ್ಟಳು. ಕುಡಿದು ಬಂದೆ.

ನನ್ನ ನೌಕರಿಯ ಕೊನೆಯ ಬೇಸಿಗೆ. ನೀಲವ್ವ ಗೌರಿಯನ್ನೂ ಅದರ ಕರುವನ್ನೂ ನಡೆಸಿಕೊಂಡು ದವಾಖಾನೆಗೆ ಬಂದಳು. ಕರು ಹಾಕಿ ಕೆಲವು ತಿಂಗಳಾಗಿತ್ತು. ಹೊಟ್ಟೆ ದೊಡ್ಡದು, ಬೆನ್ನು ಗರಗಸದಂತೆ ಎದ್ದಿತ್ತು. ಪಕ್ಕೆ ಒತ್ತಿದೆ, ನನ್ನ ಮುಷ್ಟಿಯ ಗುರುತು ಹಾಗೇ ಉಳಿಯಿತು.

"ಎಂದಿನಿಂದ ಮೆಲಕು ಹಾಕವಲ್ದು?"

"ಒಂದ್ ವಾರದಿಂದರೀ. ಆದ್ರ ನಿನ್ನಿ ಮಟ ಹಾಲು ಕೊಟ್ಟಾಳ. ಹಾಲು ಕೊಡಾಕತ್ತಿದ್ಲಂತ ನಾ ಬ್ಯಾನಿ ಅಂದ್ಕೊಳ್ಳಿಲ್ರಿ."

ಹೊಸಬರು ಇದನ್ನು ನೆನಪಿಡಿ. ಹಾಲು ಕೊಡುವವರೆಗೂ ಆಕಳಿಗೆ ಬ್ಯಾನೆ ಇದೆ ಎಂದು ಯಾರೂ ನಂಬುವುದಿಲ್ಲ. ಅದು ತನ್ನ ಮೈಯನ್ನೇ ಕರಗಿಸಿ ಕೊಡುತ್ತಿರುತ್ತದೆ. ತಡವಾಗಿದೆ ಎಂದು ನನಗೆ ಗೊತ್ತಿತ್ತು. ನೀಲವ್ವನಿಗೂ ಹೇಳಿದೆ. "ಕೊಯ್ದ್ರೂ ಉಳೀತಾಳಂತ ಹೇಳಾಕ ಆಗೂದಿಲ್ಲ. ಕೊಯ್ಲಿಲ್ಲಂದ್ರ ಉಳಿಯೂದಽ ಇಲ್ಲ." ಅವಳು ಗೌರಿಯ ಹಣೆಯ ಬೊಟ್ಟು ಸವರುತ್ತಾ, "ಕೊಯ್ರಿ" ಎಂದಳು.

ಕಂಬಗಳ ನಡುವೆ ನಿಲ್ಲಿಸಿ, ಕೂದಲು ಬೋಳಿಸಿ, ಅರಿವಳಿಕೆ ಕೊಟ್ಟು ಕೊಯ್ದೆ. ನೀಲವ್ವ ಮುಖದ ಹತ್ತಿರ ನಿಂತು ಮೂಗುದಾರ ಹಿಡಿದಿದ್ದಳು. ನಾನು ಭುಜದವರೆಗೆ ಕೈ ಹಾಕಿ ಎಳೆದು ಎಳೆದು ಹಾಕಿದೆ, ಫಕ್ಕೀರಪ್ಪ ನೀರು ಸುರಿಯುತ್ತಿದ್ದ. ಮೇಲೆ ದೊಡ್ಡ ಚೀಲಗಳು ಬಂದವು. ತಳದಲ್ಲಿ ಒಂದು ಗಟ್ಟಿ ಉಂಡೆ. ಎರಡೂ ಕೈ ಹಾಕಿ ಹೊರಗೆ ತೆಗೆದಾಗ ಅದರ ತುಂಬಾ ಸಣ್ಣ ಸಣ್ಣ ಕವರುಗಳು. ಒಂದೊಂದರ ಕತ್ತಿಗೂ ನೂಲು ಸುತ್ತಿತ್ತು. ಹೊಟ್ಟೆಯ ರಸಕ್ಕೆ ಬಣ್ಣ ಮಾಸಿತ್ತು, ಗಂಟು ಮಾಸಿರಲಿಲ್ಲ.

ಬಕೆಟ್ಟು ಬೇಗ ಆಚೆಗೆ ಒಯ್ಯಿ ಎಂದು ನಾನು ಫಕ್ಕೀರಪ್ಪನಿಗೆ ಕಣ್ಸನ್ನೆ ಮಾಡಿದೆ. ಅವನು ಎತ್ತಿದ.

"ಫಕ್ಕೀರಪ್ಪ, ತಡಿ ತಮ್ಮಾ" ಎಂದಳು ನೀಲವ್ವ. ಮೂಗುದಾರ ಕಂಬಕ್ಕೆ ಸುತ್ತಿ ಬಂದು, ಬಕೆಟ್ಟಿನಿಂದ ಒಂದು ಕವರು ಎತ್ತಿ, ಹೆಬ್ಬೆರಳಿನಿಂದ ನೂಲನ್ನು ಒರೆಸಿ ಬೆಳಕಿಗೆ ಹಿಡಿದಳು.

"ಹಸರು" ಎಂದಳು. "ನಮ್ಮವರ ಕಡೀ ಸೀರಿ ನೂಲರೀ ಇದು. ಹಸರು ಮುಗದು ನಾ ಕೆಂಪು ಹಿಡದೀನಲ್ಲ. ಹಸರು ಕಟ್ಟೂ ಮುಂದ ಇಕಿ ಹೊಟ್ಟ್ಯಾಗ ಕರಾ ಇತ್ತು." ಗೌರಿಯ ಕಡೆ ತಿರುಗಿ, "ಅಂದ್ರ ಕರದ ಜೋಡಿ ಇದನ್ನೂ ಹೊತ್ಕೊಂಡು ತಿರಿಗ್ಯಾಳ" ಎಂದಳು.

ಉಳಿದದ್ದೇನಾದರೂ ಇದೆಯೇ ಎಂದು ನನ್ನ ಕೈ ಮತ್ತೆ ಗೌರಿಯ ಹೊಟ್ಟೆಯೊಳಗಿತ್ತು. "ಓಣಿ ಮಂದಿ ಎಲ್ಲಾ ಹಾಕ್ಯಾರ ನೀಲವ್ವಾ. ನೀ ಒಬ್ಬಾಕಿ ಅಲ್ಲ" ಎಂದೆ.

"ಹಾಕಿದವ್ರು ಅವ್ರು ಡಾಕ್ಟರ್ರ. ಕಟ್ಟಿದಾಕಿ ನಾನು."

ಅಲ್ಲೇ ನಿಂತು ಅವಳು ಉಗುರಿನಿಂದ ಆ ಗಂಟನ್ನು ಬಿಚ್ಚಲು ನೋಡಿದಳು. ಬರಲಿಲ್ಲ. ಇನ್ನೊಂದನ್ನು ತೆಗೆದುಕೊಂಡು ನೋಡಿದಳು. ಅದೂ ಬರಲಿಲ್ಲ. ನಾನು ಹೊಲಿಗೆ ಹಾಕಿ ಮುಗಿಸುವವರೆಗೂ ಅವಳು ಅದನ್ನೇ ಮಾಡುತ್ತಿದ್ದಳು. ನನ್ನ ನೌಕರಿಯಲ್ಲಿ ನಾನು ಹೊಲಿಗೆ ಹಾಕುತ್ತಾ ಅತ್ತದ್ದು ಅದೊಂದೇ ದಿನ. ಬೆವರು ಒರೆಸಿಕೊಂಡಂತೆ ಒರೆಸಿಕೊಂಡೆ. ಫಕ್ಕೀರಪ್ಪ ನೋಡಿಯೂ ನೋಡದಂತೆ ನೀರು ತರಲು ಹೋದ.

ದವಾಖಾನೆಯಲ್ಲೇ ಇರಿಸಿಕೊಂಡಿದ್ದ ಗೌರಿ ಮರುದಿನ ಎದ್ದು ನಿಂತು ಹಸಿಮೇವು ಮೂಸಿತು. ನಮಗೆಲ್ಲ ಆಸೆ ಹುಟ್ಟಿತು. ವಿರೂಪಾಕ್ಷಪ್ಪ ರಿಕ್ಷಾ ಮಾಡಿಕೊಂಡು ನೋಡಲು ಬಂದ. ಅದರ ಮರುದಿನ ಬೆಳಿಗ್ಗೆ ಮಲಗಿತು, ಮತ್ತೆ ಏಳಲಿಲ್ಲ. ಬಿಸಿಲೇರುವ ಹೊತ್ತಿಗೆ ಹೋಯಿತು. ಕರು ಹೊರಗಿನ ಬೇವಿನ ಮರಕ್ಕೆ ಕಟ್ಟಿತ್ತು, ಅದು ಕೂಗುತ್ತಲೇ ಇತ್ತು.

ಮಣ್ಣು ಮಾಡಲು ಟ್ರ್ಯಾಕ್ಟರು ಬಂತು. ಎಲ್ಲ ಮುಗಿದ ಮೇಲೆ ನೀಲವ್ವ ನನ್ನ ಹತ್ತಿರ ಬಂದು ನಿಂತಳು. "ಆವತ್ತ ತಗದದ್ದು ಎಲ್ಲೈತ್ರಿ?"

"ಹಿಂದ ಐತಿ. ಕಸದ ಗಾಡಿಗೆ ಕೊಡ್ತೀವಿ."

"ಕಸದ ಗಾಡಿ ಎಲ್ಲಿಗೆ ಒಯ್ತೈತಿ?"

ಬಿಳಿ ಆಕಳ ಪಕ್ಕೆಯ ಕಲೆ ಕಣ್ಣ ಮುಂದೆ ಬಂತು.

"ನನಗ ಕೊಡ್ರಿ ಅದನ್ನ" ಎಂದಳು. "ಇನ್ನೊಂದು ಆಕಳದ ಬಾಯಿಗೆ ಹೋಗಬಾರ್ದು." ನಳದ ಕೆಳಗೆ ಕೂತು ಒಂದೊಂದನ್ನೂ ತೊಳೆದಳು, ಗೋಣಿಚೀಲಕ್ಕೆ ತುಂಬಿದಳು, ತಲೆಯ ಮೇಲೆ ಹೊತ್ತು, ಒಂದು ಕೈಯಲ್ಲಿ ಕರುವಿನ ಹಗ್ಗ ಹಿಡಿದು ಬೆಟಗೇರಿಗೆ ನಡೆದಳು. ಫಕ್ಕೀರಪ್ಪ ರಿಕ್ಷಾ ತರುತ್ತೇನೆಂದ. ಬೇಡ ಎಂದಳು.

ಆ ಮೇಲೆ ಅವಳ ಗಿರಾಕಿಗಳು ಅಂಗಡಿಯ ಪಾಕೀಟಿಗೆ ಹೋದರು. ಒಬ್ಬಾಕೆ ಮಾತ್ರ ಬಾಗಿಲಿಗೆ ಬಂದು, "ಪಾಪ, ಏನ್ ತಿಂದಿತ್ತರೀ ಅದು?" ಎಂದು ಕೇಳಿದಳಂತೆ. "ನಿಮ್ಮನೀ ತುತ್ತು ತಿಂದಿತ್ತು ಯವ್ವಾ, ನಾ ಹಾಕಿದ ಗಂಟಿನ ಸಮೇತ" ಎಂದಳಂತೆ ನೀಲವ್ವ. ಇದನ್ನು ನನಗೆ ಹೇಳಿದ್ದು ವಿರೂಪಾಕ್ಷಪ್ಪ. ಓಣಿಯಲ್ಲಿ ಚೀಲ ಕಟ್ಟಿಡುವುದು ಕೆಲವು ದಿನ ನಿಂತಿತು. ಆಮೇಲೆ ಮತ್ತೆ ಶುರುವಾಯಿತು.

ನಿವೃತ್ತನಾದ ಮೇಲೆ ಒಂದು ದಿನ ಅವರ ಮನೆಗೆ ಹೋದೆ. ಕರುವನ್ನು ಬಿಂಕದಕಟ್ಟಿಯ ರೈತರೊಬ್ಬರಿಗೆ ಕೊಟ್ಟುಬಿಟ್ಟಿದ್ದಳು, ಹೊಲದಲ್ಲಿ ಮೇಯಲಿ ಎಂದು. ತಾನು ರೊಟ್ಟಿ ಮಾಡಿ ಮಾರುವವರ ಹತ್ತಿರ ರೊಟ್ಟಿ ಬಡಿಯಲು ಹೋಗುತ್ತಿದ್ದಳು. ಕೈ ಸುಟ್ಟ ಗುರುತುಗಳಿದ್ದವು. "ಅಲ್ಲೂ ಹಾಳ್ಯಾಗಽ ಕಟ್ಟಿ ಕೊಡ್ತಾರ್ರಿ. ಕಟ್ಟೂ ಕೆಲಸ ನನಗ ಹಚ್ಚಬ್ಯಾಡ್ರಿ, ಬ್ಯಾರೆ ಏನಾರ ಹೇಳ್ರಿ ಅಂದೀನಿ" ಎಂದಳು.

ಮಗ್ಗದ ಕೋಣೆಯಲ್ಲಿ ಮಗ್ಗ ಇರಲಿಲ್ಲ, ಬಿಚ್ಚಿ ಮಾರಿದ್ದರು. ಕುಣಿಯ ಮೇಲೆ ಒಂದು ಕಡಪಾ ಕಲ್ಲು ಹಾಸಿತ್ತು, ಅದರ ಮೇಲೆ ವಿರೂಪಾಕ್ಷಪ್ಪನ ಹಾಸಿಗೆ. ಆ ಗೋಣಿಚೀಲ ಏನು ಮಾಡಿದಿ ಎಂದು ಕೇಳಿದೆ. ನೀಲವ್ವ ಹಾಸಿಗೆ ಸರಿಸಿ ಕಲ್ಲನ್ನು ಒಂದು ಕಡೆಯಿಂದ ಎತ್ತಿ ತೋರಿಸಿದಳು. ಕಾಲು ಇಳಿಬಿಡುವ ಜಾಗದಲ್ಲಿ ಚೀಲ ಇತ್ತು. ಪಕ್ಕದಲ್ಲಿ ಇನ್ನಷ್ಟು ಕವರುಗಳಿದ್ದವು. ರೊಟ್ಟಿ ಕೆಲಸದಿಂದ ಬರುವಾಗ ಓಣಿಯಲ್ಲಿ ಬಿದ್ದದ್ದನ್ನು ಆಯ್ದು ತಂದು ತುಂಬುತ್ತಿದ್ದಳು.

ವಿರೂಪಾಕ್ಷಪ್ಪ ಗೋಡೆಗೆ ಒರಗಿ ಕೂತು ನಕ್ಕ. "ನನ್ನ ಕಾಲಿನ ಜಾಗಾ ಅದು ಡಾಕ್ಟರ್ರ. ಕಾಲು ಅಂತೂ ಇಳಿಯಂಗಿಲ್ಲ. ಇರ್ಲಿ ಅಂತ ಬಿಟ್ಟುಕೊಟ್ಟೀನಿ."

ನಾನು ನಗಲಿಲ್ಲ. ಇಡೀ ಇಲಾಖೆಗೆ, ಇಡೀ ಊರಿಗೆ ಸಿಗದ ಜಾಗವನ್ನು ಆ ಮನೆ ತನ್ನ ನೆಲದೊಳಗೆ, ತಾವು ಮಲಗುವ ಹಾಸಿಗೆಯ ಕೆಳಗೆ ಕೊಟ್ಟಿತ್ತು. ಹಾಗೆ ಕೊಡಬೇಕಾದವರು ಅವರಲ್ಲ. ನೀಲವ್ವನ ಜೊತೆ ಕಲ್ಲಿನ ಒಂದು ಅಂಚು ಹಿಡಿದು ಕುಣಿ ಮುಚ್ಚಿದೆ.

ಹೊರಡುವಾಗ ನೀಲವ್ವ ಬಾಗಿಲವರೆಗೆ ಬಂದಳು. "ಇನ್ನೂ ಜಾಗಾ ಐತ್ರಿ ಡಾಕ್ಟರ್ರ" ಎಂದಳು. "ನಿಮ್ಮ ದವಾಖಾನ್ಯಾಗ ಬ್ಯಾರೆ ಆಕಳದ ಹೊಟ್ಟಿದು ಇದ್ದ್ರ ಒಗೀಬ್ಯಾಡ್ರಿ ಅಂತ ಹೇಳ್ರಿ. ತಂದುಕೊಡ್ರಿ ಅಂತ ಹೇಳ್ರಿ."

ಮುಂಡರಗಿ ಕಡೆಯ ಆ ವೈದ್ಯೆಗೆ ನಾನಿನ್ನೂ ಫೋನ್ ಮಾಡಿಲ್ಲ. ಅವರು ಆ ಆಕಳನ್ನು ಕೊಯ್ದಾಗಿದೆ, ಬಕೆಟ್ಟುಗಳು ತುಂಬಿ ಕೂತಿರಬೇಕು. ಎಲ್ಲಿಡಬೇಕು ಎಂಬ ಅವರ ಪ್ರಶ್ನೆಗೆ ನನ್ನ ಹತ್ತಿರ ಇರುವುದು ಬೆಟಗೇರಿಯ ಒಂದು ಮನೆಯ ವಿಳಾಸ ಮಾತ್ರ.